ದೊಡ್ಡಮಲ್ಲಪ್ಪ ಕೊಂಡ ಲಾರಿ

ರಾಯದುರ್ಗದ ದೊಡ್ಡಮಲ್ಲಪ್ಪ ಅರ್ಧ ಆಯುಷ್ಯವನ್ನು ಸ್ಟೇರಿಂಗ್ ಹಿಂದೆಯೇ ಕಳೆದವನು. ಸೌಕಾರ ಸಿದ್ದರಾಮೇಶನ ಜೀನ್ಸ್ ಬಟ್ಟೆಯ ಬೇಲುಗಳನ್ನು ಲಾರಿಗೆ ಹೇರಿಕೊಂಡು ಹುಬ್ಬಳ್ಳಿ, ಸೊಲ್ಲಾಪುರ, ವಿಜಯವಾಡ ಸುತ್ತಿದ. ಒಂದು ಸಲ ದೀಪಾವಳಿಗೆ ಮುಂಚಿನ ಲೋಡು ಹೊರಟಾಗ ಅವನ ಪಾದದಲ್ಲಿ ಗಾಯವಾಗಿತ್ತು. “ಇದೊಂದು ಟ್ರಿಪ್ ಮುಗಿಸ್ಕೊಂಡು ಬಾ ಮಲ್ಲಪ್ಪ, ಆಮ್ಯಾಲ ಆಸ್ಪತ್ರಿಗೆ ತೋರ್ಸೋಣು” ಅಂದ ಸೌಕಾರ. ಟ್ರಿಪ್ ಮುಗಿಯುವಷ್ಟರಲ್ಲಿ ಸಕ್ಕರೆ ಕಾಯಿಲೆ ಗಾಯವನ್ನು ಕೊಳೆಸಿತ್ತು. ಬಳ್ಳಾರಿಯ ಡಾಕ್ಟರು ಬಲಗಾಲನ್ನು ಮೊಣಕಾಲ ಕೆಳಗೆ ತೆಗೆದರು. ಸೌಕಾರ ಒಂದು ಚೀಲ ಮೂಸಂಬಿ ಕೊಟ್ಟು ಹೋದ. ಮರುವಾರ ಲಾರಿಗೆ ಬೇರೆ ಡ್ರೈವರ್ ಬಂದ.

ಆಮೇಲೆ ಹೆಂಡತಿ ಉಜ್ಜಿನಮ್ಮ ಅದೇ ಸೌಕಾರನ ಶೆಡ್ಡಿನಲ್ಲಿ ಪ್ಯಾಂಟು ಹೊಲಿಯಲು ಸೇರಿದಳು. ಇವನು ಕಂಕುಳಿಗೆ ಊರುಗೋಲು ಕೊಟ್ಟುಕೊಂಡು ಒಳಗಿನಿಂದ ಕಟ್ಟೆಗೆ, ಕಟ್ಟೆಯಿಂದ ಒಳಗೆ. ಮಕ್ಕಳಿರಲಿಲ್ಲ. ಬೈಪಾಸಿನಲ್ಲಿ ಹೋಗುವ ಗಾಡಿಗಳ ಸದ್ದು ಕೇಳಿಯೇ ಯಾವ ಗೇರಿನಲ್ಲಿದೆ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ.

ಒಂದು ದಿನ ಫೋನಿನಲ್ಲಿ ಯಾರೋ ಮೊಳದುದ್ದದ ಲಾರಿಯನ್ನು ರಿಮೋಟ್ ಹಿಡಿದು ಕೆಸರಿನಲ್ಲಿ ಓಡಿಸುವುದು ಕಂಡಿತು. ಅದನ್ನೇ ಹಿಂದಕ್ಕೆಳೆದು ಮತ್ತೆ ಮತ್ತೆ ನೋಡಿದ. ಹೆಂಡತಿಗೆ ಹೇಳಲು ನಾಚಿಕೆ. ಅಂಗವಿಕಲರ ಪಿಂಚಣಿಯಲ್ಲಿ ಸ್ವಲ್ಪ ಸ್ವಲ್ಪ ಉಳಿಸಿ, ಬೇಸಿಗೆ ಕಳೆದ ಮೇಲೆ ಆಟೋ ಹತ್ತಿ ಬಸ್ ಸ್ಟ್ಯಾಂಡ್ ಹತ್ತಿರದ ಆಟಿಕೆ ಅಂಗಡಿಗೆ ಹೋದ.

ಅಂಗಡಿಯ ಹುಡುಗ ಗೋವರ್ಧನ್ ಮೊದಲು ಫಳಫಳ ಹೊಳೆಯುವ ಒಂದನ್ನು ಇಳಿಸಿದ. ಲೈಟು, ಹಾಡು ಎಲ್ಲ ಇತ್ತು. ಮಲ್ಲಪ್ಪ ರಿಮೋಟ್ ಒತ್ತಿ ನೋಡಿದ. ಮುಂದೆ ನೆಟ್ಟಗೆ ಹೋಗುತ್ತದೆ. ತಿರುಗಬೇಕಾದರೆ ರಿವರ್ಸ್‌ನಲ್ಲಿ ಮಾತ್ರ.

“ಹಿಂದಕ್ಕ ಹೋದ್ರ ಅಷ್ಟ ತಿರುಗೋ ಲಾರಿ ಎಲ್ಲೈತಪ್ಪ?”

“ಈ ರೇಟಿಗೆ ಇಷ್ಟೇ ತಾತಾ. ಮೊಮ್ಮಗನಿಗೇನ್ರಿ?”

“ಹ್ಞೂಂ, ಮೊಮ್ಮಗನಿಗೆ” ಅಂದುಬಿಟ್ಟ ಮಲ್ಲಪ್ಪ.

ಮೇಲಿನ ಗೂಡಿನಲ್ಲಿ ನಿಜವಾದ ಲಾರಿಯಂತೆ ಸ್ಪ್ರಿಂಗ್ ಇದ್ದ ದೊಡ್ಡದೊಂದಿತ್ತು. ಬೆಲೆ ಕೇಳಿ ಕೈ ಹಿಂದಕ್ಕೆ ತೆಗೆದುಕೊಂಡ. ಕೊನೆಗೆ ಮೂಲೆಯಿಂದ ಹೊರಬಂದದ್ದು ಬಿಸಿಲಿಗೆ ಡಬ್ಬ ಮಾಸಿದ, ಕಿತ್ತಳೆ ಬಣ್ಣದ ಟಿಪ್ಪರ್. ಹಾಡಿಲ್ಲ, ಲೈಟಿಲ್ಲ. ಆದರೆ ಟೈರು ಒಳ್ಳೆ ರಬ್ಬರು, ಮುಂದಿನ ಗಾಲಿ ಸರಿಯಾಗಿ ಎರಡೂ ಕಡೆ ತಿರುಗುತ್ತದೆ, ಬ್ಯಾಟರಿ ಚಾರ್ಜ್ ಮಾಡಿಕೊಳ್ಳಬಹುದು. ಟೈರು ಸವೆದರೆ ಬೇರೆ ಸಿಗುತ್ತದೆಯೇ ಎಂದು ಕೇಳಿದಾಗ ಗೋವರ್ಧನ್ ನಕ್ಕ. ಮಲ್ಲಪ್ಪ ನಗಲಿಲ್ಲ. ಡಬ್ಬ ಮಾಸಿದ್ದಕ್ಕೆ ಬೆಲೆ ಒಂದಿಷ್ಟು ಇಳಿಸಿಕೊಂಡು ಅದನ್ನೇ ಕೊಂಡ.

ಉಜ್ಜಿನಮ್ಮ ರೇಗಿದಳು. “ನನ್ನ ಕಣ್ಣು ಹೊಲದು ಹೊಲದು ಹೋಗಾಕತ್ಯಾವು, ನಿಮಗ ಆಟದ ಸಾಮಾನು ಬೇಕಾತೇನ್ರಿ?” ಎಂದು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಬೀದಿಯಲ್ಲಿ ಟಿಪ್ಪರ್ ಜಲ್ಲಿಕಲ್ಲು ದಾಟಿ ಎದುರುಮನೆ ನಾಗಕ್ಕನ ಬಾಗಿಲಿಗೆ ಹೋಗಿ, ಅವಳು ಹಾಕಿದ ಕರಿಬೇವು ಹೊತ್ತು ವಾಪಸ್ಸು ಬಂತು. ಅಡುಗೆಮನೆಯಿಂದ ನೋಡುತ್ತಿದ್ದ ಉಜ್ಜಿನಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಕಾಲು ಹೋದ ಮೇಲೆ ಆ ಮನೆಯಲ್ಲಿ ಅಂಥ ನಗು ಕೇಳಿರಲಿಲ್ಲ.

ಆ ಸುಖ ತಿಂಗಳೂ ಉಳಿಯಲಿಲ್ಲ. ಒಂದು ಭಾನುವಾರ ಅರ್ಜೆಂಟ್ ಆರ್ಡರಿಗೆ ಉಜ್ಜಿನಮ್ಮನನ್ನು ಕರೆಯಲು ಸಿದ್ದರಾಮೇಶನೇ ಕಾರಿನಲ್ಲಿ ಬಂದ. ಜೊತೆಗೆ ಮೊಮ್ಮಗಳು ಮೌನಿಕಾ. ಮಗು ಟಿಪ್ಪರನ್ನು ಎತ್ತಿಕೊಂಡದ್ದೇ ಬಿಡಲಿಲ್ಲ.

“ಕೊಟ್ಬಿಡೋ ಮಲ್ಲಪ್ಪ. ನೀನೇನ್ ಮಾಡ್ತಿ ಅದನ್ನ?” ಎಂದು ಸೌಕಾರ ನಗುತ್ತಲೇ ಅಂದ.

ಮಲ್ಲಪ್ಪ ಹೆಂಡತಿಯ ಮುಖ ನೋಡಿದ. ಅವಳು ಅವನ ಮುಖ ನೋಡಲಿಲ್ಲ. ಮಗು ಹಿಡಿದಿದ್ದ ಟಿಪ್ಪರಿನ ಧೂಳನ್ನು ಸೆರಗಿನಲ್ಲಿ ಒರೆಸಿ, “ತೊಗೋಳವ್ವ, ಆಡ್ಕೋ” ಅಂದಳು. ಇವನ ಕೈಯಲ್ಲಿ ಉಳಿದಿದ್ದ ರಿಮೋಟನ್ನೂ ಅವಳೇ ಬಿಡಿಸಿಕೊಂಡು ಕೊಟ್ಟಳು.

ಕಾರು ಹೋದ ಮೇಲೆ ಅವಳು ಅಂದಳು: “ನಾನೇನು ಸಂತೋಷಕ್ಕ ಕೊಟ್ಟೀನೇನ್ರಿ?”

“ಇಲ್ಲ ಬಿಡು.”

ಹತ್ತು ಹದಿನೈದು ದಿನ ಕಳೆದಿರಬಹುದು. ಸೌಕಾರನ ಈಗಿನ ಡ್ರೈವರ್ ಹನುಮಂತು ಚೀಲ ಹಿಡಿದು ಬಂದ. ಒಳಗೆ ಟಿಪ್ಪರ್. ಒಂದು ಗಾಲಿ ವಾಲಿತ್ತು, ತಳದಲ್ಲೆಲ್ಲ ಮರಳು.

“ಓಡವಲ್ದಂತರಿ ಅಣ್ಣ. ಲಾರಿ ಕೆಲಸ ನಿಮಗ ಗೊತ್ತೈತಲ್ಲ, ರಿಪೇರಿ ಮಾಡಿಸ್ಕೊಂಡು ಬಾ ಅಂದಾರ ಸೌಕಾರ್ರು.”

ಮಲ್ಲಪ್ಪ ಅದನ್ನು ಮಗುಚಿ ನೋಡಿದ. ಮೋಟಾರಿಗೆ ಹೋಗುವ ತಂತಿ ಬಿಟ್ಟಿತ್ತು. ಗಾಲಿಯೊಳಗೆ ಮರಳು ತುಂಬಿಕೊಂಡಿತ್ತು. ಒಂದು ಗಳಿಗೆಯ ಕೆಲಸ. ಬೆರಳು ತಾನೇ ತಂತಿಯ ಕಡೆ ಹೋಯಿತು, ಕೈ ಹಿಂದಕ್ಕೆ ಎಳೆದುಕೊಂಡ. ಚೀಲಕ್ಕೆ ಹಾಕಿ ವಾಪಸ್ಸು ಕೊಟ್ಟ.

“ನನಗ ಬರಂಗಿಲ್ಲಪ್ಪ.”

ಹನುಮಂತು ಹೊರಟ ಮೇಲೆ ಬಾಗಿಲಲ್ಲಿದ್ದ ಉಜ್ಜಿನಮ್ಮ ಕೇಳಿದಳು: “ಬರ್ತಿತ್ತಲ್ರಿ ನಿಮಗ?”

“ಬರ್ತಿತ್ತು.”

“ಸೌಕಾರ್ರು ಕೇಳಿದ್ರ ನಾನೇನು ಹೇಳ್ಲಿ?”

“ಕಾಲಿಲ್ಲದವನು, ಏನೂ ಬರಂಗಿಲ್ಲಂತ ಹೇಳು.”

ಟಿಪ್ಪರ್ ಏನಾಯಿತೋ ಅವರು ವಿಚಾರಿಸಲಿಲ್ಲ. ಆ ವಾರ ಶೆಡ್ಡಿನಲ್ಲಿ ಉಜ್ಜಿನಮ್ಮನ ಮಿಷನ್ನಿಗೆ ಹೊಲಿಯಲು ಬಟ್ಟೆ ಕಡಿಮೆ ಬಂತು, ಕೂಲಿಯೂ ಅಷ್ಟಕ್ಕೆ ಇಳಿಯಿತು, ಮುಂದಿನ ವಾರ ಇನ್ನೂ ಕಡಿಮೆ. ಅದಕ್ಕೂ ಇದಕ್ಕೂ ಸಂಬಂಧವಿತ್ತೋ ಇಲ್ಲವೋ, ಗಂಡ ಹೆಂಡತಿ ಇಬ್ಬರೂ ಆ ಮಾತೆತ್ತಲಿಲ್ಲ.