ಹಗಲು ಹೇಳಿದ ಕಥೆ

ನೀಲಾ, ಶಾಂತೂ, ನಾಲ್ಕು ಮಂದಿಯ ಎದುರು ಬಾಯಿ ತೆರೆಯಲು ನಾಚುವ ಮುದುಕಿ ನಾನು. ಅದಕ್ಕೇ ಇದನ್ನು ನಿಮಗಾಗಿ ಬರೆದಿಡುತ್ತಿದ್ದೇನೆ. ಹಗಲು ಹೊತ್ತಿನಲ್ಲಿ ಕಥೆ ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ ಎಂದು ನಮ್ಮ ಕಡೆ ಹೇಳುತ್ತಾರೆ. ಮನೆಗೆಲಸ ಕೆಡಬಾರದೆಂದು ಹಿರಿಯರು ಕಟ್ಟಿದ ಮಾತು ಅಂದುಕೊಂಡಿದ್ದೆ. ಎಳ್ಳಷ್ಟೂ ನಂಬಿರಲಿಲ್ಲ.

ಅದು ನಿಜಾಮರ ಕಾಲ. ನಿಮ್ಮ ಅಜ್ಜ ತೀರಿಕೊಂಡು ವರ್ಷ ತುಂಬಿರಲಿಲ್ಲ. ಭಾಲ್ಕಿಯ ಮನೆಯಲ್ಲಿ ಅತ್ತೆ ತೀರ್ಮಾನ ಮಾಡಿಬಿಟ್ಟಿದ್ದರು: ನಾನು ಔರಾದಿನ ತವರಿಗೆ ಹೋಗಬೇಕು, ನಿಮ್ಮ ಅವ್ವ ಕಸ್ತೂರಿ ಅಲ್ಲೇ ಉಳಿಯಬೇಕು. "ಕೂಸು ನಮ್ಮ ಮನಿದು. ನಿನ್ನ ಅಣ್ಣಗ ಹೇಳಿ ಕಳಸೀನಿ, ಬಂಡಿ ತಗೊಂಡು ಬರ್ತಾನ" ಎಂದರು. ಕಸ್ತೂರಿಗೆ ಆಗಿನ್ನೂ ಹಾಲುಹಲ್ಲು ಬೀಳುತ್ತಿದ್ದವು.

ಅಣ್ಣ ಬರಬೇಕಾದ ದಿನ ಮಧ್ಯಾಹ್ನ ಜೋಳ ಬೀಸುತ್ತಿದ್ದೆ. ಕಸ್ತೂರಿ ತೊಡೆಗೆ ಒರಗಿ ಕಥೆ ಬೇಕೆಂದಳು. ನನಗೂ ಹಟ ಬಂತು. ಮಾವ ದಾರಿ ತಪ್ಪುವುದಾದರೆ ತಪ್ಪಲಿ!

ಒಬ್ಬ ಮಾವ ಬಂಡಿ ಹೂಡಿಕೊಂಡು ಹೊರಟ ಎಂದು ಶುರುಮಾಡಿದೆ. ಎತ್ತುಗಳು ಗೊತ್ತಿದ್ದ ದಾರಿ ಬಿಟ್ಟು, ಬೀದರ್ ಕೋಟೆಯ ಗೋಡೆ ಕಾಣುವವರೆಗೂ ನಡೆದವು. ಅಲ್ಲಿ ಹುಣಸೆಮರದ ಕೆಳಗೆ ಒಬ್ಬ ಹೆಂಗಸು ಖಾಲಿ ಬೀಸುಕಲ್ಲು ತಿರುವುತ್ತಿದ್ದಳು. ಹಾಗೆ ತಿರುವಿದರೆ ಮನೆಗೆ ಕೇಡು ಅನ್ನುತ್ತಾರೆ, ಸಿಟ್ಟಿನಲ್ಲಿ ಬೇಕೆಂದೇ ಅದನ್ನೂ ಸೇರಿಸಿದೆ. ಏನು ಬೀಸುತ್ತೀ ತಾಯಿ ಎಂದು ಮಾವ ಕೇಳಿದ. "ನಿನ್ನ ದಾರಿ ಬೀಸ್ತೇನಿ" ಅಂದಳು.

"ಆಮ್ಯಾಲ ಏನಾಯ್ತವ್ವ?" ಎಂದಳು ಕಸ್ತೂರಿ. ಮುಂದೇನೆಂದು ನನಗೂ ಹೊಳೆದಿರಲಿಲ್ಲ. ಅಷ್ಟರಲ್ಲಿ ಅತ್ತೆ ಒಳಗೆ ಬಂದರು.

"ಹಗಲಿ ಕಥಿ ಹೇಳ್ತಿಯೇನ? ಗಂಡನ್ನ ನುಂಗಿದ್ದು ಸಾಲಲಿಲ್ಲ, ಈಗ ಅಣ್ಣನ ಪಾಳಿ ಏನು?"

ಕಥೆ ಅಲ್ಲಿಗೇ ನಿಂತಿತು. ಅಣ್ಣ ಆ ದಿನ ಬರಲಿಲ್ಲ.

ಮರುದಿನ ಬಿಸಿಲೇರಿದ ಮೇಲೆ ಮೈತುಂಬ ಧೂಳು ಹೊತ್ತು ಬಂದ. ಹುಡುಗನಾಗಿದ್ದಾಗಿನಿಂದ ಓಡಾಡಿದ ದಾರಿ ಅದು. ನಾನು ಕೊಟ್ಟ ನೀರನ್ನು ಕೈಯಲ್ಲೇ ಹಿಡಿದು ಹೇಳಿದ:

"ಎತ್ತು ಎಲ್ಲಿ ಹೊಳ್ಳಿದ್ವೋ ತಿಳೀಲಿಲ್ಲ, ತಂಗಿ. ನೋಡ್ತೇನಿ, ಬೀದರ ಕೋಟಿ ಗ್ವಾಡಿ! ಹುಣಸಿ ಗಿಡದ ಕೆಳಗ ಒಬ್ಬಾಕಿ ಖಾಲಿ ಬೀಸುಕಲ್ಲು ತಿರುವ್ತಿದ್ಳು. ಏನು ಬೀಸ್ತಿ ಅಂದ್ರ, ನಿನ್ನ ದಾರಿ ಅಂದ್ಳು."

ಕಸ್ತೂರಿ ನನ್ನ ಸೆರಗು ಹಿಡಿದು, "ಆಮ್ಯಾಲ, ಮಾಮಾ?" ಎಂದಳು.

"ಬಂಡ್ಯಾಗ ಒಬ್ಬಾಕಿಗೇ ಜಾಗಾ ಅದ ಏನು ಅಂತ ಕೇಳಿದ್ಳವ್ವ. ನಾ ಎತ್ತು ಹೊಳ್ಳಿಸಿ ಈ ಕಡಿ ಬಂದೆ."

ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ಅಣ್ಣ ತಂಗಿ ಕೂಡಿ ನಾಟಕ ಕಟ್ಟೀರೇನು?" ಎಂದರು. ಆದರೆ ಆ ದನಿ ಎಂದಿನಂತಿರಲಿಲ್ಲ.

"ನಾಟಕ ಕಟ್ಟೋವಷ್ಟು ಬುದ್ಧಿ ನನಗೆಲ್ಲಿ ಅದರಿ?" ಎಂದ ಅಣ್ಣ.

ಅದು ನಿಜ. ಸಂತೆಯಲ್ಲಿ ಚೌಕಾಸಿಗೂ ಒಂದು ಸುಳ್ಳು ಹೇಳಲು ಬಾರದವನು ಅವನು. ನನ್ನ ಕಥೆ ಅವನಿಗೆ ಮುಟ್ಟಿಸುವವರು ಯಾರೂ ಇರಲಿಲ್ಲ. ಕಥೆಯ ಮುಂದಿನ ಮಾತಂತೂ ನನಗೇ ಗೊತ್ತಿರಲಿಲ್ಲ.

ಅತ್ತೆಯ ಮುಂದೆ ಎಂದೂ ತಲೆ ಎತ್ತದ ನಾನು ಕಸ್ತೂರಿಯ ಕೈ ಹಿಡಿದೆ. "ಇಬ್ಬರಿಗೂ ಜಾಗಾ ಅದರಿ, ಅತ್ತಿ" ಅಂದೆ. ಅಪ್ಪಣೆ ಕೇಳಲಿಲ್ಲ. ಅವರು ಕೊಡಲೂ ಇಲ್ಲ. ಮಗಳನ್ನು ಎತ್ತಿ ಬಂಡಿಯಲ್ಲಿ ಕೂಡಿಸಿ ನಾನೂ ಹತ್ತಿದೆ. ಯಾರೂ ಅಡ್ಡ ಬರಲಿಲ್ಲ.

ಮುಂದೆ ಅಣ್ಣನ ಜೊತೆ ಬೀದರಿಗೆ ಹೋದಾಗಲೆಲ್ಲ ಆ ಜಾಗ ಹುಡುಕಿದ್ದೇನೆ. ಗೋಡೆ ಇದೆ, ತಿರುವು ಇದೆ. ಹುಣಸೆಮರ ಇಲ್ಲ, ಎಂದೂ ಇರಲಿಲ್ಲ ಎಂದು ಅಲ್ಲಿಯವರು ಹೇಳುತ್ತಾರೆ. ಬಿಸಿಲಿಗೆ ಅವನ ತಲೆ ತಿರುಗಿತ್ತು ಎಂದು ಕಲಿತವರು ನನಗೆ ತಿಳಿಹೇಳಿದ್ದಾರೆ. ಬಿಸಿಲಿಗೆ ನನ್ನ ಕಥೆ ಹೇಗೆ ಗೊತ್ತಾಯಿತು? ಅದನ್ನು ಮಾತ್ರ ಯಾರೂ ಹೇಳಿಲ್ಲ. ನನಗೂ ತಿಳಿದಿಲ್ಲ. ತಿಳಿಯದ್ದನ್ನು ಸುಳ್ಳು ಎನ್ನಲು ನಾನು ತಯಾರಿಲ್ಲ.

ಈ ಹಾಳೆಗಳನ್ನು ಗೆದ್ದಲು ಮುಟ್ಟದಂತೆ ಜೋಪಾನ ಮಾಡಿ, ಮಕ್ಕಳೇ. ನಿಮ್ಮ ಮಕ್ಕಳಿಗೆ ಓದಿ ಹೇಳುವಾಗ ಹಗಲಲ್ಲೇ ಓದಿ. ಯಾರ ಬಂಡಿ ಎಲ್ಲಿ ತಿರುಗಬೇಕಾಗಿದೆಯೋ.