ಅಳದ ಕೂಸುಗಳು

ಶಂಕ್ರೆವ್ವ ತಿಕೋಟಾದಿಂದ ವಿಜಾಪುರಕ್ಕೆ ಬಂದಾಗ ಅವಳಿಗೆ ಆಗಷ್ಟೇ ಹದಿಮೂರು ತುಂಬಿತ್ತು. ಹೆತ್ತವ್ವ ಚಳಿಜ್ವರದಲ್ಲಿ ತೀರಿಕೊಂಡಿದ್ದಳು, ಅಪ್ಪ ಬೇರೆ ಮದುವೆ ಮಾಡಿಕೊಂಡಿದ್ದ. ಅವ್ವನ ತಂಗಿ ಗುರುಬಸವ್ವ ಒಂದು ದಿನ ಬಂದವಳೇ, ಯಾರನ್ನೂ ಕೇಳದೆ ಹುಡುಗಿಯ ಬಟ್ಟೆ ಗಂಟು ಕಟ್ಟಿಸಿ ಇಬ್ರಾಹಿಂಪುರದ ತನ್ನ ಮನೆಗೆ ಕರೆತಂದಳು. ಗುರುಬಸವ್ವನಿಗೆ ಗಂಡ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಸ್ಟೇಷನ್ ರಸ್ತೆ ದಾಟಿ ರೈಲು ಹಳಿಯ ಮಗ್ಗುಲಿಗಿದ್ದ ಒಂದು ಜಿನ್ನಿನಲ್ಲಿ, ಅಂದರೆ ಹತ್ತಿಯಿಂದ ಕಾಳು ಬೇರ್ಪಡಿಸುವ ಕಾರ್ಖಾನೆಯಲ್ಲಿ, ಹತ್ತಿ ಆರಿಸುವ ಕೆಲಸ ಮಾಡುತ್ತಿದ್ದಳು. ದೊಡ್ಡ ಯುದ್ಧ ನಡೆದಿದ್ದ ಕಾಲ. ಹತ್ತಿಗೆ ಬೇಡಿಕೆಯಿತ್ತು, ಯಂತ್ರಗಳು ಬಿಡುವಿಲ್ಲದೆ ತಿರುಗುತ್ತಿದ್ದವು.

ಜಿನ್ನಿನ ಹಿಂದೆ ಒಂದು ತಗಡಿನ ಶೆಡ್ಡಿತ್ತು. ಕೆಲಸಕ್ಕೆ ಬರುವ ಹೆಂಗಸರು ಅದರ ತೊಲೆಗಳಿಗೆ ಹಳೆಯ ಸೀರೆಯ ಜೋಲಿ ಕಟ್ಟಿ, ಕೂಸುಗಳನ್ನು ಮಲಗಿಸಿ ಹೋಗುತ್ತಿದ್ದರು. ಲಕ್ಕವ್ವ ಎಂಬ ಮುದುಕಿ ಅವನ್ನು ನೋಡಿಕೊಳ್ಳುತ್ತಿದ್ದಳು. ಅವಳ ಕೈಕೆಳಗೆ ಶಂಕ್ರೆವ್ವನನ್ನು ಹಚ್ಚಿದರು.

ಮೊದಲ ದಿನ ಹುಡುಗಿ ಜೋಲಿಯಿಂದ ಜೋಲಿಗೆ ಹೋಗಿ ತೂಗುತ್ತ ಕಾಲ ಕಳೆದಳು. ಯಂತ್ರಗಳ ಅಬ್ಬರದಲ್ಲಿ ಬೇರೇನೂ ಕೇಳಿಸುತ್ತಿರಲಿಲ್ಲ. ಮಧ್ಯಾಹ್ನ ಊಟದ ಬಿಡುವಿನ ಭೋಂಗಾ ಕೂಗಿತು, ಯಂತ್ರಗಳು ನಿಂತವು. ಈಗ ಎಲ್ಲ ಕೂಸುಗಳೂ ಒಮ್ಮೆಲೇ ಕಿರುಚಿಕೊಳ್ಳುತ್ತವೆ ಎಂದು ಅವಳು ಮೈಯೆಲ್ಲ ಕಿವಿಯಾಗಿ ನಿಂತಳು. ಒಂದೂ ಅಳಲಿಲ್ಲ. ಒಂದು ಕೂಸಿನ ಕಣ್ಣು ಅರ್ಧ ತೆರೆದೇ ಇತ್ತು. ಗಾಳಿಯಲ್ಲಿ ತೇಲಿ ಬಂದ ಅರಳೆಯ ಎಳೆಯೊಂದು ಅದರ ರೆಪ್ಪೆಯ ಮೇಲೆ ಕುಳಿತಿತು. ರೆಪ್ಪೆ ಅಲುಗಲಿಲ್ಲ.

"ಆಯಿ, ಇವು ಯಾಕ ಅಳೂದಿಲ್ಲ?" ಎಂದು ಕೇಳಿದಳು.

"ಇವು ಅಳಕೋಂತ ಕುಂತರ ಇವರವ್ವಗೋಳು ಕೆಲಸ ಹೆಂಗ ಮಾಡಬೇಕಬೇ?" ಎಂದು ಲಕ್ಕವ್ವ ಸೊಂಟದ ಸಂಚಿ ಬಿಚ್ಚಿ ತೋರಿಸಿದಳು. ಅದರಲ್ಲಿ ಸಾಸಿವೆ ಗಾತ್ರದ ಕರಿ ಗುಳಿಗೆಗಳಿದ್ದವು. ಅಫೀಮಿನವು. ಎದೆಹಾಲಿನಲ್ಲಿ ತೇದು ಬೆರಳ ತುದಿಯಿಂದ ಬಾಯಿಗೆ ಒರೆಸಿದರೆ ಸಾಕು. ಹೆಂಗಸರೆಲ್ಲರಿಗೂ ಅದು ಗೊತ್ತಿತ್ತು. ಅವರನ್ನೂ ಅವರ ಅವ್ವಂದಿರು ಹಾಗೆಯೇ ಮಲಗಿಸಿದ್ದರು.

ಮಳೆಗಾಲ ಕಳೆದು ಮರುವರ್ಷದ ಹತ್ತಿ ಬಂದಾಗ ಶಂಕ್ರೆವ್ವನಿಗೆ ಹಲ್ಲುನೋವು ಬಂತು. ದವಡೆ ಊದಿ ಅನ್ನ ನೀರು ಸೇರದಾಯಿತು. ಲಕ್ಕವ್ವ ಗುಳಿಗೆಗಳನ್ನು ಸೇರಿಸಿ ಉಂಡೆ ಮಾಡಿ, "ದವಡಿ ಬುಡಕ ಇಟಗೋ. ನುಂಗಬ್ಯಾಡ," ಎಂದಳು. ಹುಡುಗಿ ನುಂಗಿದಳು. ಸ್ವಲ್ಪ ಹೊತ್ತಿಗೆ ನೋವು ಹೋಯಿತು. ಅದರ ಬೆನ್ನಿಗೇ ತಿಕೋಟಾದ ಮನೆ, ಅವ್ವ ಮಲಗುತ್ತಿದ್ದ ಮೂಲೆ, ತಾನು ಉಣ್ಣುವಾಗ ನೋಡುತ್ತ ನಿಲ್ಲುತ್ತಿದ್ದ ಮಲತಾಯಿ, ಎಲ್ಲವೂ ದೂರ ದೂರ ಸರಿದು ಬೇರೆ ಯಾರದೋ ಬದುಕಿನಂತೆ ಕಾಣತೊಡಗಿದವು. ಹಲ್ಲು ವಾಸಿಯಾದ ಮೇಲೂ ಅವಳು ದವಡೆ ಹಿಡಿದುಕೊಂಡು ಮುದುಕಿಯ ಮುಂದೆ ಕೂರತೊಡಗಿದಳು. ಮುದುಕಿ ಏನೂ ಕೇಳದೆ ಸಂಚಿ ಬಿಚ್ಚುತ್ತಿದ್ದಳು. ಅವಳಿಗೂ ಅದಿಲ್ಲದೆ ಆಗುತ್ತಿರಲಿಲ್ಲ.

ಹುಡುಗಿ ಸೊರಗಿದಳು. ರೊಟ್ಟಿ ಬೇಡವಾಯಿತು. ಮೈ ಕೆರೆದು ಕೆರೆದು ತೋಳಿನ ಮೇಲೆ ಗೀರು ಬಿದ್ದವು. ಕರೆದರೆ ಎರಡನೆಯ ಸಲಕ್ಕೆ ತಿರುಗಿ ನೋಡುತ್ತಿದ್ದಳು. ಗುರುಬಸವ್ವ, ದೊಡ್ಡವಳಾಗುವ ವಯಸ್ಸು, ಹೀಗೇ ಇರುತ್ತದೆ ಎಂದುಕೊಂಡಳು.

ಒಂದು ದಿನ ಭೋಂಗಾ ಕೂಗಿ ಹೆಂಗಸರು ಹಾಲೂಡಿಸಲು ಬಂದಾಗ ಲಕ್ಕವ್ವ ಕಂಬಕ್ಕೆ ಒರಗಿ ಕುಳಿತಿದ್ದಳು. ಯಾರೋ ಮಾತಾಡಿಸಿದರು. ಯಾರೋ ಭುಜ ಮುಟ್ಟಿದರು. ಮುದುಕಿ ಹಾಗೆಯೇ ಮಗ್ಗುಲಿಗೆ ವಾಲಿದಳು. ಮುಂಜಾನೆಯೇ ಜೀವ ಹೋಗಿತ್ತು, ಮೈ ಸೆಟೆದಿತ್ತು. ಶಂಕ್ರೆವ್ವ ಅಷ್ಟು ಹೊತ್ತೂ ಅವಳ ಪಕ್ಕದಲ್ಲೇ ಕುಳಿತು ಜೋಲಿಯ ಹಗ್ಗ ಎಳೆಯುತ್ತಿದ್ದಳು. ನಡುವೆ ಎರಡು ಮೂರು ಸಲ ಅವಳೊಡನೆ ಮಾತಾಡಿದ್ದಳು. ಉತ್ತರವೂ ಬಂದಂತೆ ಅವಳಿಗೆ ನೆನಪಿತ್ತು.

ಸಂಚಿ ಈಗ ಶಂಕ್ರೆವ್ವನ ಸೊಂಟಕ್ಕೆ ಬಂತು. ಆಗ ಅವಳಿಗೆ ಹದಿನೈದು.

ಆಮೇಲೆ ಶೆಡ್ಡಿನ ಕಟ್ಟಕಡೆಯ ತೊಲೆಯಲ್ಲಿ ಒಂದು ಜೋಲಿ ಕಾಣತೊಡಗಿತು. ಬೆಳಕು ಕಡಿಮೆಯಿದ್ದ ಆ ಮೂಲೆಯಲ್ಲಿ ಯಾರೂ ಕೂಸು ಮಲಗಿಸುತ್ತಿರಲಿಲ್ಲ. ಆದರೂ ಅಲ್ಲಿ ಮಾಸಿದ ಹಸಿರು ಸೀರೆಯೊಂದು ತುಂಬಿಕೊಂಡು ಜೋತು ಬಿದ್ದಿರುತ್ತಿತ್ತು, ತನ್ನಷ್ಟಕ್ಕೆ ತಾನು ತೂಗುತ್ತಿತ್ತು. ಶಂಕ್ರೆವ್ವ ಹೋಗಿ ತೂಗಿ ಬರುತ್ತಿದ್ದಳು. ಒಮ್ಮೆ ಗುರುಬಸವ್ವ ನೀರು ಕುಡಿಯಲು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

"ಶಂಕ್ರೀ, ಅಲ್ಲಿ ಯಾರನ್ನ ತೂಗಾಕತ್ತಿ?"

ಶಂಕ್ರೆವ್ವ ತನ್ನ ಕೈ ನೋಡಿಕೊಂಡಳು. ಕೈ ಬರೀ ಗಾಳಿಯಲ್ಲಿ ಹಿಂದೆ ಮುಂದೆ ಆಡುತ್ತಿತ್ತು. "ಯಾರಿಲ್ಲ ಚಿಗವ್ವಾ," ಎಂದು ನಕ್ಕಳು. ಆ ದಿನದಿಂದ ಆ ಮೂಲೆಯ ಕಡೆ ನೋಡಬಾರದೆಂದು ಮನಸ್ಸು ಗಟ್ಟಿ ಮಾಡಿಕೊಂಡಳು. ಕಂಡರೂ ಕಾಣದವಳಂತೆ ಇರುವುದನ್ನು ಕಲಿತಳು.

ಅವರದೇ ಓಣಿಯಲ್ಲಿ ಟಾಂಗಾ ಹೊಡೆಯುವ ಮೌಲಾಸಾಬನ ಮನೆಯಿತ್ತು. ಅವನ ಹೆಂಡತಿ ನಜಮಾ ಶಂಕ್ರೆವ್ವನಿಗಿಂತ ಮೂರ್ನಾಲ್ಕು ವರ್ಷ ದೊಡ್ಡವಳು, ನಗೆಮೋರೆಯವಳು. ಚೊಚ್ಚಲ ಕೂಸು ಐದಾರು ತಿಂಗಳಾದ ಮೇಲೆ ಅವಳೂ ಜಿನ್ನಿಗೆ ಬರತೊಡಗಿದಳು. ಬಂದ ಮೊದಲ ದಿನವೇ ತಡವಾಗಿತ್ತು. ಮುಂದಿನ ತೊಲೆಗಳೆಲ್ಲ ತುಂಬಿದ್ದವು. "ಶಂಕ್ರೀ, ಆ ಕಡೀ ತೊಲಿಗೆ ಕಟ್ಟೀನಿ ನೋಡು. ಹುಷಾರಲೇ," ಎಂದು ಕೂಗಿ ಹೇಳಿ ಓಡಿದಳು. ಶಂಕ್ರೆವ್ವ ಹ್ಞೂ ಎಂದಳು. ಹ್ಞೂ ಎಂದದ್ದು ಅವಳಿಗೇ ಗೊತ್ತಾಗಲಿಲ್ಲ.

ಎಂದಿನಂತೆ ಸಂಚಿ ಹಿಡಿದು ಒಂದು ಸುತ್ತು ಬಂದಳು. ಪುಟ್ಟ ಬಿಸಿ ಬಾಯಿಗಳು ಒಂದಾದ ಮೇಲೊಂದು ಅವಳ ಬೆರಳು ಚೀಪಿದವು. ತಾನೂ ಬಾಯಿಗೆ ಹಾಕಿಕೊಂಡು ಕುಳಿತಳು. ನಡುವೆ ಒಮ್ಮೆ ಕಣ್ಣೆತ್ತಿದಾಗ ಕಟ್ಟಕಡೆಯ ತೊಲೆಯಲ್ಲಿ ಜೋಲಿ ಕಾಣಿಸಿತು. ತೂಗುತ್ತಿತ್ತು. ನೋಡಬಾರದೆಂದು ಮುಖ ತಿರುವಿದಳು. ಇನ್ನೊಂದು ಸಲ ಕಂಡಾಗ ಅದು ತೂಗುತ್ತಿರಲಿಲ್ಲ. ಅಬ್ಬಾ, ಕಾಟ ನಿಂತಿತು ಎಂದು ಅವಳಿಗೆ ಸಮಾಧಾನವಾಯಿತು.

ಮಧ್ಯಾಹ್ನ ನಜಮಾ ಬಂದು ಜೋಲಿಗೆ ಕೈ ಹಾಕಿದಳು. ಅವಳು ಕಿರುಚಲಿಲ್ಲ. ಮೆಲ್ಲಗೆ ಕೇಳಿದಳು.

"ಶಂಕ್ರೀ, ಇದರ ಕೈ ಯಾಕ ಇಷ್ಟು ತಣ್ಣಗದಾವ?"

ಆ ಸಂಜೆಯೇ ಕೂಸನ್ನು ಮಣ್ಣು ಮಾಡಿದರು. ಯಾರೂ ಶಂಕ್ರೆವ್ವನ ಮೈಮೇಲೆ ಕೈ ಮಾಡಲಿಲ್ಲ, ಬೈಯಲೂ ಇಲ್ಲ. "ಮುಂಜಾನೆ ಮನಿಯಾಗ ನಾನೂ ಒಂದು ಗುಳಿಗಿ ಹಾಕಿದ್ದೆ. ಹೊಸಾ ಜಾಗಾ, ಅಳತೈತಿ ಅಂತ ಹಾಕಿದ್ದೆ," ಎಂದು ನಜಮಾ ಬಂದವರಿಗೆಲ್ಲ ಹೇಳುತ್ತಿದ್ದಳು. ಶೆಡ್ಡಿನಲ್ಲಿ ಆ ಬಾಯಿಗೆ ತನ್ನ ಬೆರಳು ಹೋಗಿತ್ತೋ ಇಲ್ಲವೋ ಎಂಬುದು ಶಂಕ್ರೆವ್ವನಿಗೆ ಎಷ್ಟು ನೆನೆದರೂ ನೆನಪಾಗಲಿಲ್ಲ. ಮರುದಿನ ಹೆಂಗಸರು ಎಂದಿನಂತೆ ಕೂಸುಗಳನ್ನು ತಂದು ಜೋಲಿಗೆ ಹಾಕಿದರು. ಅದನ್ನು ಕಂಡು ಅವಳಿಗೆ ಮೊದಲ ಸಲ ಹೆದರಿಕೆಯಾಯಿತು.

ಗುರುಬಸವ್ವ ಅವಳನ್ನು ಅಂಗಳದ ಬಿಸಿಲಿಗೆ ಎಳೆದು ರೆಪ್ಪೆ ಎತ್ತಿ ನೋಡಿದಳು. ಕಣ್ಣಗೊಂಬೆಗಳು ಸೂಜಿಮೊನೆಯಷ್ಟಾಗಿದ್ದವು. "ನನ್ನ ಮನಿಯಾಗ ಇದ್ದು, ನನ್ನ ಕಣ್ಣ ಮುಂದನ..." ಎಂದು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. ಸಂಚಿ ಕಿತ್ತು ಒಲೆಗೆ ಹಾಕಿದಳು. ಪೆಟ್ರೋಲು ಸಿಗದ ಆ ಕಾಲದಲ್ಲಿ ಓಡುತ್ತಿದ್ದ ಇದ್ದಿಲ ಗ್ಯಾಸಿನ ಬಸ್ಸು ಹತ್ತಿಸಿ ಹುಡುಗಿಯನ್ನು ಬಬಲೇಶ್ವರಕ್ಕೆ, ತನ್ನ ಅಣ್ಣ ಶಿವಯೋಗೆಪ್ಪನ ಮನೆಗೆ ಕರೆದೊಯ್ದಳು.

ಶಿವಯೋಗೆಪ್ಪ ಹೆಂಡತಿ ಸತ್ತ ಮೇಲೆ ಒಬ್ಬನೇ ಇದ್ದವನು, ಮಾತು ಕಡಿಮೆ. ಮೇವಿನ ಕೋಣೆ ಖಾಲಿ ಮಾಡಿ ಸೋದರಸೊಸೆಯನ್ನು ಅದರಲ್ಲಿ ಮಲಗಿಸಿ, ಹೊರಗಿನಿಂದ ಅಗಳಿ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಹಗ್ಗ ಹೊಸೆಯುತ್ತ ಕುಳಿತ. ಒಳಗೆ ಶಂಕ್ರೆವ್ವನಿಗೆ ಮೊದಲು ಆಕಳಿಕೆ ಬಂತು, ಸೀನು ಬಂತು, ಕಣ್ಣು ಮೂಗಿನಿಂದ ನೀರು ಸುರಿಯಿತು. ಆಮೇಲೆ ಎಲುಬಿನೊಳಗೆ ಯಾರೋ ಕೈ ಹಾಕಿ ಹಿಂಡಿದಂತಾಯಿತು. ವಾಂತಿ, ಭೇದಿ ನಿಲ್ಲಲಿಲ್ಲ. ಕೆಟ್ಟ ಬಟ್ಟೆಗಳನ್ನು ಶಿವಯೋಗೆಪ್ಪ ತಾನೇ ಬಾವಿಗೆ ಒಯ್ದು ಒಗೆದು ತಂದ. ನೀರಿಗೆ ಬಂದ ಹೆಂಗಸರು ಕೊಡ ಇಳಿಸಿ ನೋಡುತ್ತ ನಿಂತರು. ಅವನು ತಲೆ ಎತ್ತಲಿಲ್ಲ.

ಹಾಡುಹಗಲಿನಲ್ಲಿ, ಕಿಟಕಿಯಿಂದ ಬಿಸಿಲು ಬೀಳುತ್ತಿದ್ದ ಹೊತ್ತಿನಲ್ಲಿ, ಅಳು ಶುರುವಾಯಿತು. ಮೊದಲು ಒಂದು ಕೂಸು, ಆಮೇಲೆ ಇನ್ನೊಂದು. ಆಮೇಲೆ ಕೋಣೆಯ ನಾಲ್ಕೂ ಗೋಡೆಗಳಿಂದ, ಸೂರಿನಿಂದ, ಹಾಸಿದ ಜೋಳದ ಕಣಿಕೆಯ ಅಡಿಯಿಂದ. ಆ ಶೆಡ್ಡಿನಲ್ಲಿ ಇಷ್ಟು ವರ್ಷ ಅಳಬೇಕಾಗಿದ್ದು ಅಳದೇ ಉಳಿದದ್ದೆಲ್ಲ ಈಗ ಬಾಯಿ ತೆರೆದಿತ್ತು. ಅವಳು ಬಾಗಿಲು ಬಡಿದಳು.

"ಮಾವಾ, ಬಾಗಲಾ ತಗೀರಿ! ಕೂಸುಗೋಳು ಅಳಾಕತ್ತಾವರಿ!"

"ಇಲ್ಲಿ ಕೂಸಿಲ್ಲವ್ವ."

"ಅದಾವರಿ. ಭಾಳ ಅದಾವ. ಹಸ್ತಾವರಿ ಅವು..."

ಹೊರಗೆ ಹಗ್ಗ ಹೊಸೆಯುವ ಸದ್ದು ನಿಂತಿತು. ಆಮೇಲೆ ಶಿವಯೋಗೆಪ್ಪ ಬಾಗಿಲಿಗೆ ಬಾಯಿ ಹಚ್ಚಿ, "ನನಗ ಕೇಳವಲ್ಲದವ್ವ. ಆದರ ನಿನ್ನ ದನಿ ಕೇಳತೈತಿ. ನೀ ಮಾತಾಡಕೋಂತ ಇರು," ಎಂದ. ಅವಳು ಮಾತಾಡುತ್ತ ಹೋದಳು. ಅವ್ವ, ಹಲ್ಲುನೋವು, ಲಕ್ಕವ್ವ, ಕಡೆಯ ತೊಲೆ, ಎಲ್ಲವನ್ನೂ ಹೇಳಿದಳು. ಅವನು ಎದ್ದು ಹೋಗಲಿಲ್ಲ. ಅಳು ನಿಲ್ಲಲಿಕ್ಕೆ ಒಂದು ವಾರದ ಮೇಲೆ ಹಿಡಿಯಿತು.

ಮಳೆ ಬಿದ್ದ ಮೇಲೆ ಅವಳು ಹೊಲಕ್ಕೆ ಹೋಗಿ ಕಳೆ ತೆಗೆಯುವಷ್ಟು ಗಟ್ಟಿಯಾದಳು. ಮುಖಕ್ಕೆ ಕಳೆ ಬಂತು. ಆದರೆ ಆಸೆ ಹೋಗಿರಲಿಲ್ಲ. ಚಿಗವ್ವನನ್ನು ನೋಡಿ ಬರುತ್ತೇನೆಂದು ಹೇಳಿ ಒಂದು ದಿನ ವಿಜಾಪುರಕ್ಕೆ ಹೋದವಳು, ಬಸ್ಸಿಳಿದು ನೆಟ್ಟಗೆ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಗೆ ನಡೆದಳು. ಲಕ್ಕವ್ವನಿಗೆ ಮಾಲು ಕೊಡುತ್ತಿದ್ದ ಮುದುಕಿಯ ಮನೆ ಅಲ್ಲಿತ್ತು. ಎಲೆಯಲ್ಲಿ ಸುತ್ತಿದ ಪೊಟ್ಟಣವನ್ನು ಮುಷ್ಟಿಯಲ್ಲಿ ಬಿಗಿ ಹಿಡಿದು ಇಬ್ರಾಹಿಂಪುರಕ್ಕೆ ಬಂದಳು. ಚಿಗವ್ವನ ಮನೆಗೆ ನಜಮಾಳ ಬಾಗಿಲು ದಾಟಿಯೇ ಹೋಗಬೇಕು.

ನಜಮಾ ಹೊಸ್ತಿಲಲ್ಲಿ ಕುಳಿತಿದ್ದಳು. ಶಂಕ್ರೆವ್ವನಿಗೆ ಗುರುತೇ ಸಿಗಲಿಲ್ಲ. ಕೆನ್ನೆ ಬತ್ತಿದ್ದವು, ತೋಳಿನ ತುಂಬ ಕೆರೆದ ಗೀರುಗಳು. ಅವಳು ಶಂಕ್ರೆವ್ವನ ಮುಖ ನೋಡಲಿಲ್ಲ, ಮುಷ್ಟಿಯನ್ನೇ ನೋಡಿದಳು.

"ಐತೇನು ನಿನ್ನ ಕಡೆ? ತಾ ಇಲ್ಲಿ. ನನಗ ನಿದ್ದಿ ಬರವಲ್ದು ಶಂಕ್ರೀ."

ಅವಳ ಕಣ್ಣಗೊಂಬೆಗಳು ಸೂಜಿಮೊನೆಯಷ್ಟಿದ್ದವು. ಶಂಕ್ರೆವ್ವನ ಕೈ ತಾನಾಗಿ ಬಿಚ್ಚಿತು, ಪೊಟ್ಟಣ ಬಚ್ಚಲ ಗಟಾರಕ್ಕೆ ಬಿತ್ತು. ಬೇಕೆಂದು ಬಿಟ್ಟಳೋ, ಕೈ ಜಾರಿ ಬಿತ್ತೋ, ಅವಳಿಗೂ ತಿಳಿಯಲಿಲ್ಲ. ನಜಮಾ ಮೊಣಕಾಲೂರಿ ಎರಡೂ ಕೈ ಕೆಸರಿಗೆ ಹಾಕಿ ಬಗೆಯತೊಡಗಿದಳು. ಸಿಕ್ಕ ಕೆಸರನ್ನೇ ಬಾಯಿಗೆ ಒಯ್ದಳು. ಶಂಕ್ರೆವ್ವನಿಗೂ ಕೆಳಗೆ ಬೀಳಬೇಕೆನಿಸಿತು, ಅವಳೂ ಮೊಣಕಾಲೂರಿದಳು. ಆದರೆ ಕೈ ಚಾಚಿದ್ದು ಕೆಸರಿಗಲ್ಲ. ಹಿಂದಿನಿಂದ ನಜಮಾಳನ್ನು ಬಾಚಿ ತಬ್ಬಿ ಹಿಡಿದಳು. ಮೌಲಾಸಾಬ ಟಾಂಗಾ ಬಿಚ್ಚಿ ಬರುವವರೆಗೂ ಬಿಡಲಿಲ್ಲ.

"ಅಣ್ಣಾ, ಒಳಗಿನ ಖೋಲಿ ಖಾಲಿ ಮಾಡ್ರಿ. ಹೊರಗಿಂದ ಅಗಳಿ ಹಾಕ್ರಿ. ನಾನೂ ಒಳಗ ಇರತೀನಿ," ಎಂದಳು.

ಮೌಲಾಸಾಬ ಅವಳನ್ನು ನೋಡಿದ. ತನ್ನ ಕೂಸನ್ನು ತೂಗಬೇಕಾಗಿದ್ದವಳು. "ನಿನ್ನ ಮ್ಯಾಲ ನಂಬಿಕಿ ಇಡಂದ್ರ ಹೆಂಗ ಇಡಲಿ?" ಎಂದ.

"ಇಡಬ್ಯಾಡ್ರಿ. ಅದಕ್ಕ ಅಗಳಿ ಹಾಕಂದೆ."

ಆ ಕೋಣೆಯೊಳಗೆ ನಡೆದದ್ದನ್ನು ಇಬ್ಬರೂ ಆಮೇಲೆ ಯಾರಿಗೂ ಹೇಳಲಿಲ್ಲ. ಮೌಲಾಸಾಬ ಮಾತ್ರ ಒಂದು ಸಂಗತಿ ಹೇಳುತ್ತಿದ್ದ. ಒಂದು ಮಧ್ಯಾಹ್ನ ಒಳಗಿನಿಂದ ಇಬ್ಬರೂ ಒಂದೇ ಸ್ವರದಲ್ಲಿ ಯಾರನ್ನೋ ಸಂತೈಸುವುದು ಅವನಿಗೆ ಕೇಳಿತ್ತಂತೆ. ಬಾಗಿಲ ಸಂದಿಯಿಂದ ಇಣುಕಿದರೆ ಎದುರುಬದುರು ಕುಳಿತ ಇಬ್ಬರ ನಡುವೆ ಏನೂ ಇರಲಿಲ್ಲವಂತೆ.

ನಜಮಾ ಮತ್ತೆ ಗುಳಿಗೆ ಮುಟ್ಟಲಿಲ್ಲ. ಶಂಕ್ರೆವ್ವ ಅಷ್ಟು ಗಟ್ಟಿಯಾಗಿರಲಿಲ್ಲ. ಇನ್ನೊಮ್ಮೆ ಜಾರಿದಳು, ತಾನೇ ಬಬಲೇಶ್ವರಕ್ಕೆ ಹೋಗಿ ಮೇವಿನ ಕೋಣೆ ಕೇಳಿದಳು. ಆಮೇಲೆ ಜಿನ್ನಿನಲ್ಲಿ ಚಿಗವ್ವನ ಪಕ್ಕ ಕುಳಿತು ಹತ್ತಿ ಆರಿಸಿದಳು. ಮಾತುಕತೆಗೆ ಬಂದ ಗಂಡಿನ ಕಡೆಯವರು ಓಣಿಯಲ್ಲಿ ವಿಚಾರಿಸಿ ಹಿಂದಿರುಗಿದರು. ಶೆಡ್ಡಿಗೆ ಬೇರೊಬ್ಬ ಹೆಂಗಸು ಬಂದಳು, ಗುಳಿಗೆಗಳೂ ಬಂದವು. ಶಂಕ್ರೆವ್ವ ತಾಯಂದಿರಿಗೆ ಹೇಳಿ ನೋಡಿದಳು. ಒಬ್ಬಿಬ್ಬರು ಕೇಳಿದರು. ಉಳಿದವರು, ಹೇಳುವವಳ ಮೋರೆ ನೋಡು ಎಂದರು.

ಸ್ವಾತಂತ್ರ್ಯ ಬಂದ ಮರುವರ್ಷ ನಜಮಾಗೆ ಗಂಡುಮಗುವಾಯಿತು. ಶಂಕ್ರೆವ್ವ ದಿನಾ ಹೋಗಿ ನೋಡುತ್ತಿದ್ದಳು, ಮುಟ್ಟುತ್ತಿರಲಿಲ್ಲ. ಒಂದು ಸಂಜೆ ನಜಮಾ ಕೊಡ ಸೊಂಟಕ್ಕಿಟ್ಟವಳು, ಕೂಸನ್ನು ಅವಳ ಮಡಿಲಿಗೆ ಹಾಕಿ ನೀರಿಗೆ ನಡೆದುಬಿಟ್ಟಳು. ಕೂಸು ಬಾಯಿ ತೆರೆದು ಕಿರುಚಿತು. ಶಂಕ್ರೆವ್ವ ಅದನ್ನು ಎತ್ತಿಕೊಂಡು ಹೊಸ್ತಿಲಿಗೆ ಓಡಿ ಬಂದಳು.

"ನಜಮಾ! ಬಾರಬೇ ಲಗೂ! ಅಳಾಕತ್ತೈತಿ!"

"ಅಳಲಿ ಬಿಡಬೇ," ಎಂದು ಓಣಿಯ ತುದಿಯಿಂದ ನಜಮಾ ಕೂಗಿದಳು. "ಕೊಡಾ ತುಂಬಿಕೊಂಡು ಬರತೀನಿ."