ಎಡಸುಳಿಯ ಟೊಪ್ಪಿ

ಒದ್ದೆಯಾದ ಉಣ್ಣೆಗೆ ಕುರಿಯ ವಾಸನೆ ಇರುತ್ತದೆ ಎಂದು ಹೇಳುವವರುಂಟು. ನಮ್ಮ ಕಡೆ ಕುರಿಗಳಿಲ್ಲ. ನನಗೆ ಅದು ಎಳೆಮಗುವಿನ ತಲೆಯ ವಾಸನೆ. ಕಳೆದ ಮಳೆಗಾಲದಲ್ಲಿ ಕಟಪಾಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ನಿಂತ ಹೆಂಗಸಿನ ಹೆಗಲ ಮೇಲೆ ಒಂದು ಕೂಸು ಮಲಗಿತ್ತು. ಗಾಳಿಗೆ ಕೊಡೆ ಮಗುಚಿ ಕೂಸಿನ ಉಣ್ಣೆಯ ಟೊಪ್ಪಿಗೆ ನೀರು ಬಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹೋಗಬೇಕಾಗಿದ್ದ ಬಸ್ಸು ಬಂದು ನಿಂತು ಹೊರಟೇಹೋಯಿತು. ನಾನು ಎಪ್ಪತ್ತು ದಾಟಿದ ಹೆಂಗಸು ಎಂಬುದನ್ನು ಮರೆತು, ಶಂಕರಪುರದ ದಾರಿಯಲ್ಲಿದ್ದ ನಮ್ಮ ಮನೆಯ ಅಡುಗೆಕೋಣೆಯಲ್ಲಿ ನಿಂತುಬಿಟ್ಟಿದ್ದೆ. ಒಲೆಯ ಮೇಲೆ ಕಟ್ಟಿದ ಹಗ್ಗ, ಹಗ್ಗದಲ್ಲಿ ಒಣಗಲು ಹಾಕಿದ ಚಿಕ್ಕ ಚಿಕ್ಕ ಉಣ್ಣೆಯ ಬಟ್ಟೆಗಳು, ಅವಕ್ಕೆ ಹತ್ತಿದ ಹೊಗೆ, ಹೊರಗೆ ಒಂದೇ ಸಮನೆ ಸುರಿಯುವ ಮಳೆ. ಆ ಮನೆ ಈಗ ಇಲ್ಲ. ಮಲ್ಲಿಗೆಯ ಗಿಡಗಳಿದ್ದ ಜಾಗದಲ್ಲಿ ಸಾಲು ಅಂಗಡಿಗಳಾಗಿವೆ. ನೀವು ಕೂಡ ಇಂಥ ಒಂದು ಮನೆಯನ್ನು ಕಳೆದುಕೊಂಡವರಾಗಿದ್ದರೆ, ಕಟ್ಟಡ ಹೋದ ಮೇಲೂ ಅದರ ಹೊಗೆ ಹೋಗುವುದಿಲ್ಲ ಎಂಬುದು ನಿಮಗೆ ಗೊತ್ತು.

ಆ ಮನೆಯಲ್ಲಿ ನಾವು ಮೂವರೇ ಇದ್ದೆವು: ಅಮ್ಮ, ನಾನು, ಅಮ್ಮನ ತಂಗಿ ಸಿಸಿಲಿ ಮಾವ್ಶಿ. ಅಪ್ಪ ಬೊಂಬಾಯಿಯಲ್ಲಿ ಕೆಲಸಕ್ಕಿದ್ದರು. ವರ್ಷಕ್ಕೊಮ್ಮೆ ಬರುವಾಗ ಟ್ರಂಕಿನ ತಳದಲ್ಲಿ ಉಣ್ಣೆಯ ಲಡಿಗಳನ್ನು ತರುತ್ತಿದ್ದರು. ಮಾವ್ಶಿ ಮದುವೆಯಾಗಿರಲಿಲ್ಲ. ಬೆಳಿಗ್ಗೆ ಮಲ್ಲಿಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಎಲೆಯಲ್ಲಿ ಸುತ್ತಿ ಬಸ್ಸಿಗೆ ಕಳಿಸುವುದು ಅಕ್ಕತಂಗಿಯರಿಬ್ಬರ ಕೆಲಸ. ಊಟವಾದ ಮೇಲೆ ಮಾವ್ಶಿಯ ಕೈಗೆ ಸೂಜಿಗಳು ಬರುತ್ತಿದ್ದವು. ಹೆಣಿಗೆಯನ್ನು ಅವಳು ಶಾಲೆಯಲ್ಲಿ ಸಿಸ್ಟರುಗಳಿಂದ ಕಲಿತಿದ್ದಳು. ಅವರು ಕೊಟ್ಟ ಪುಸ್ತಕದ ಮಾದರಿಗಳು ಅವಳಿಗೆ ಬೇಗ ಬೇಸರ ತಂದವು. ಬೇಲಿಯ ಮೇಲಿನ ಬಳ್ಳಿ, ಮೀನಿನ ಪೊರೆ, ಗದ್ದೆಯಲ್ಲಿ ನಾಟಿಯ ಸಾಲು, ಏನನ್ನು ನೋಡಿದರೂ ಅವಳ ತುಟಿಗಳು ಅಲುಗಾಡುತ್ತಿದ್ದವು. ಅವಳು ಎಣಿಸುತ್ತಿದ್ದಾಳೆಂದು ನಮಗೆ ತಿಳಿಯುತ್ತಿತ್ತು. ಎಣಿಸಿದ್ದನ್ನು ಹೆಣೆಯುವಳು, ಸರಿ ಬಾರದಿದ್ದರೆ ಬಿಚ್ಚುವಳು, ಸರಿ ಬಂದಾಗ ನೋಟ್ ಪುಸ್ತಕದಲ್ಲಿ ಬರೆಯುವಳು. ಬರೆಯುತ್ತಿದ್ದದ್ದು ಕನ್ನಡದಲ್ಲಿ, ಏಕೆಂದರೆ ಕೊಂಕಣಿಯವರು ತುಳುವಿನವರು ಎಲ್ಲರೂ ಶಾಲೆಯಲ್ಲಿ ಕಲಿತದ್ದು ಅದನ್ನೇ. ಸೀದಾ ಹೊಲಿಗೆಗೆ ‘ಸೀ’, ಉಲ್ಟಾ ಹೊಲಿಗೆಗೆ ‘ಉ’, ಎರಡು ಕುಣಿಕೆಗಳನ್ನು ಒಂದು ಮಾಡುವುದಕ್ಕೆ ‘ಜೋ’. ಯಾರಾದರೂ ಕೇಳಿದರೆ ಹಾಳೆಯಲ್ಲಿ ನಕಲು ಮಾಡಿ ಕೊಡುತ್ತಿದ್ದಳು. ಉಡುಪಿ, ಕಾಪು, ಕಾರ್ಕಳಕ್ಕೆ ಹೋಗುವ ಮಲ್ಲಿಗೆಯ ಕಟ್ಟುಗಳ ನಡುವೆ ಆ ಹಾಳೆಗಳೂ ಹೋಗುತ್ತಿದ್ದವು. ತೆಗೆದುಕೊಂಡವರ ಕೈ ಸೇರುವಾಗ ಕಾಗದಕ್ಕೆ ಹೂವಿನ ಪರಿಮಳ ಹತ್ತಿರುತ್ತಿತ್ತಂತೆ.

ನನಗೆ ಒಂಬತ್ತು ವರ್ಷವಾಗಿದ್ದಾಗ, ಮಳೆ ಹಿಡಿದ ಮೊದಲ ವಾರದಲ್ಲಿ ನನ್ನ ತಂಗಿ ಐರಿನ್ ಹುಟ್ಟಿದಳು. ಅವಳಿಗೆಂದು ಮಾವ್ಶಿ ಮೊದಲೇ ಬೆಣ್ಣೆಯ ಬಣ್ಣದ ಟೊಪ್ಪಿಯೊಂದನ್ನು ಹೆಣೆದಿಟ್ಟಿದ್ದಳು. ಮೂರನೆಯ ದಿನ ಮಗುವನ್ನು ಮೀಯಿಸಿ ತೊಡೆಯ ಮೇಲೆ ಬೋರಲಾಗಿ ಮಲಗಿಸಿಕೊಂಡಾಗ ಅವಳ ಕಣ್ಣಿಗೆ ಆ ಸುಳಿ ಬಿತ್ತು. ಐರಿನಳ ತಲೆಗೂದಲಿನ ಸುಳಿ ಎಡಕ್ಕೆ ತಿರುಗಿತ್ತು. ಅದೂ ನಡುನೆತ್ತಿಯಲ್ಲಿ ಅಲ್ಲ, ಒಂದು ಬೆರಳಿನಷ್ಟು ಬಲಕ್ಕೆ ಸರಿದಿತ್ತು. ಮಾವ್ಶಿ ಅದನ್ನು ಬಹಳ ಹೊತ್ತು ನೋಡಿದಳು. ಮಧ್ಯಾಹ್ನ ಸಿದ್ಧವಾಗಿದ್ದ ಟೊಪ್ಪಿಯನ್ನು ಪೂರ್ತಿ ಬಿಚ್ಚಿಹಾಕಿದಳು. “ಎಂತ ಸಿಸಿಲಿ, ಚಂದ ಇತ್ತಲ್ಲ?” ಎಂದು ಅಮ್ಮ ಮಲಗಿದಲ್ಲಿಂದಲೇ ಕೇಳಿದಳು. “ಅದು ಯಾರ ತಲೆಗೂ ಆಗುತ್ತದೆ ಅಕ್ಕ. ಇವಳದ್ದು ಇವಳ ಹಾಗೇ ಇರಬೇಕು,” ಎಂದಳು ಮಾವ್ಶಿ. ಐದು ದಿನ ಹೆಣೆದಳು, ಬಿಚ್ಚಿದಳು, ಮತ್ತೆ ಹೆಣೆದಳು. ಕುಣಿಕೆಗಳನ್ನು ಜೋಡಿಸುವಾಗ ಹಿಂದಿನಿಂದ ಸೂಜಿ ಹಾಕಿದರೆ ಅವು ಎಡಕ್ಕೆ ವಾಲುತ್ತವೆ. ಆದರೆ ಸುಳಿಯ ನಡು ಬಲಕ್ಕೆ ಸರಿಯಬೇಕಾದರೆ ಪ್ರತಿ ಸಾಲಿನ ಲೆಕ್ಕವೂ ಬೇರೆ. ಕೊನೆಗೆ ಅದು ಬಂತು. ಮಗುವಿಗೆ ತೊಡಿಸಿ ಅಮ್ಮನ ಹೆಗಲ ಮೇಲೆ ಹಾಕಿದಾಗ, ಹಿಂದಿನಿಂದ ನೋಡಿದರೆ ಟೊಪ್ಪಿಯೇ ಇಲ್ಲ, ಕೂದಲೇ ಬೆಣ್ಣೆಯ ಬಣ್ಣಕ್ಕೆ ತಿರುಗಿದೆ ಎಂಬಂತಿತ್ತು. ಅಮ್ಮ ಅದರ ಮೇಲೆ ಅಂಗೈ ಇಟ್ಟು ನಕ್ಕದ್ದು ನನಗೆ ನೆನಪುಂಟು.

ಜ್ಞಾನಸ್ನಾನದ ದಿನ ಇಗರ್ಜಿಯಿಂದ ಬಂದ ಹೆಂಗಸರೆಲ್ಲ ಮಗುವಿನ ಮುಖ ನೋಡುವುದು ಬಿಟ್ಟು ತಲೆಯನ್ನೇ ತಿರುಗಿಸಿ ತಿರುಗಿಸಿ ನೋಡಿದರು. ನೆರೆಮನೆಯ ಗಿರಿಜಕ್ಕ ತುಳುವಿನವಳು. ಬೆಳ್ಮಣ್ಣಿನ ಅವಳ ತವರಲ್ಲಿ ತಮ್ಮನ ಹೆಂಡತಿಗೆ ದಿನ ತುಂಬಿತ್ತು. “ನನಗೆ ಬರೆದು ಕೊಡು ಮಾರಾಯ್ತಿ,” ಎಂದು ಅವಳೇ ಮೊದಲು ಕೇಳಿದ್ದು. ಆಮೇಲೆ ಎಲ್ಲರೂ ಕೇಳಿದರು. ಮಾವ್ಶಿಯ ಮುಖ ಅಷ್ಟು ಬೆಳಗಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಆ ತಿಂಗಳೆಲ್ಲ ಅವಳು ಬರೆದಳು. ನನ್ನದು ದುಂಡಕ್ಷರವಾಗಿದ್ದ ಕಾರಣ ನನ್ನನ್ನೂ ಕೂರಿಸಿ ಬರೆಸಿದಳು. ಹಾಳೆಗಳು ಮಲ್ಲಿಗೆಯೊಡನೆ ಬಸ್ಸು ಹತ್ತಿದವು.

ಮಳೆ ಬಿಡದೆ ಸುರಿಯುವ ಆಟಿ ತಿಂಗಳಲ್ಲಿ ಐರಿನಳಿಗೆ ಕೆಮ್ಮು ಹಿಡಿಯಿತು. ಉಡುಪಿಯಿಂದ ಡಾಕ್ಟರು ಬಂದರು, ಔಷಧ ಕೊಟ್ಟರು, ಮರುದಿನವೂ ಬಂದರು. ನಾಲ್ಕನೆಯ ದಿನ ಬೆಳಿಗ್ಗೆ, ಹೂ ಕೊಯ್ಯುವ ಹೊತ್ತಿನಲ್ಲಿ, ಅಮ್ಮನ ತೊಡೆಯ ಮೇಲೆಯೇ ಉಸಿರು ನಿಂತಿತು. ಆ ದಿನ ಕೊಯ್ಯದ ಮೊಗ್ಗುಗಳು ಸಂಜೆಗೆ ಗಿಡದಲ್ಲೇ ಅರಳಿ, ಮನೆಯೆಲ್ಲ ಹೂವಿನ ವಾಸನೆ ತುಂಬಿ, ಬಂದವರಿಗೆ ಉಸಿರು ಕಟ್ಟುವಂತಾಗಿತ್ತು. ಅಮ್ಮ ಟೊಪ್ಪಿಯನ್ನು ಮಗುವಿನ ತಲೆಯಿಂದ ತೆಗೆಯಲು ಬಿಡಲಿಲ್ಲ. ಅದರೊಡನೆಯೇ ಮಣ್ಣು ಮಾಡಿದರು. ಅಪ್ಪನಿಗೆ ತಂತಿ ಹೋಯಿತು. ಅವರು ಬಂದಾಗ ನೋಡಲು ಏನೂ ಇರಲಿಲ್ಲ. ಮಗುವಿನ ಫೋಟೋ ತೆಗೆಸಿರಲಿಲ್ಲ. ಮಳೆ ಬಿಟ್ಟ ಮೇಲೆ ಉಡುಪಿಗೆ ಹೋಗೋಣ ಎಂದುಕೊಂಡಿದ್ದೆವು.

ಮಳೆ ಬಿಟ್ಟಿತು. ಕ್ರಿಸ್‌ಮಸ್‌ಗೆ ಮುಂಚಿನ ಒಂದು ಆದಿತ್ಯವಾರ ಅಮ್ಮ ಮೊದಲ ಬಾರಿಗೆ ಇಗರ್ಜಿಯ ಪೂಜೆಗೆ ಬಂದಳು. ನಮ್ಮ ಮುಂದಿನ ಸಾಲಿನಲ್ಲಿ ಒಬ್ಬಳು ಹೆಗಲ ಮೇಲೆ ಮಗುವನ್ನು ಹಾಕಿಕೊಂಡು ಕೂತಿದ್ದಳು. ಮಗುವಿನ ಮುಖ ಆಚೆಗೆ, ತಲೆ ನಮ್ಮ ಕಡೆಗೆ. ಬೆಣ್ಣೆಯ ಬಣ್ಣವಲ್ಲ, ತಿಳಿನೀಲಿ. ಆದರೆ ಎಡಕ್ಕೆ ತಿರುಗಿದ ಸುಳಿ, ಒಂದು ಬೆರಳು ಬಲಕ್ಕೆ. ಅಮ್ಮನ ಕೈ ತಾನಾಗಿ ಎದ್ದು ಆ ತಲೆಯನ್ನು ಮುಟ್ಟಿದ್ದನ್ನು ನಾನು ಕಂಡೆ. ಹೆಂಗಸು ತಿರುಗಿ ನೋಡಿ, “ನಿಮ್ಮ ಸಿಸಿಲಿಯದ್ದೇ ಪ್ಯಾಟರ್ನ್, ಗುರ್ತ ಸಿಕ್ಕಿತಾ?” ಎಂದು ಸಂತೋಷದಿಂದ ಪಿಸುಗುಟ್ಟಿದಳು. ಅವಳಿಗೆ ನಮ್ಮ ಮನೆಯ ಸಾವು ತಿಳಿದಿರಲಿಲ್ಲವೋ, ತಿಳಿದೂ ಆ ಗಳಿಗೆಯಲ್ಲಿ ಮರೆತಿದ್ದಳೋ. ಅಲ್ಲಿಂದ ಮುಂದೆ ಅದು ನಮ್ಮನ್ನು ಬಿಡಲಿಲ್ಲ. ಉಡುಪಿಯ ರಥಬೀದಿಯಲ್ಲಿ ಕೆಂಪು ಟೊಪ್ಪಿ, ಕಾರ್ಕಳದ ಬಸ್ಸಿನಲ್ಲಿ ಹಸಿರು, ಗಿರಿಜಕ್ಕನ ಅಂಗಳದಲ್ಲಿ ಬೆಳ್ಮಣ್ಣಿನಿಂದ ಬಂದಿದ್ದ ಮಗುವಿನ ತಲೆಯಲ್ಲಿ ಬಿಳಿ. ಮುಖ ಬೇರೆ ಬೇರೆ. ಹಿಂದಿನಿಂದ ಮಾತ್ರ ಎಲ್ಲವೂ ಐರಿನ್. ಅಮ್ಮ ಮೊದಲು ಬಸ್ಸಿನಲ್ಲಿ ಹೋಗುವುದನ್ನು ಬಿಟ್ಟಳು, ಆಮೇಲೆ ಇಗರ್ಜಿಯನ್ನು, ಕೊನೆಗೆ ಅಂಗಳಕ್ಕೆ ಇಳಿಯುವುದನ್ನು. ಒಂದು ಮಧ್ಯಾಹ್ನ ಮಾವ್ಶಿ ಊಟಕ್ಕೆ ಕರೆದಾಗ ಅಮ್ಮ ಅವಳ ಮುಖ ನೋಡದೆ ಹೇಳಿದಳು: “ನನ್ನ ಮಗುವನ್ನು ನೀನು ಊರಿಗೆಲ್ಲ ಹಂಚಿಬಿಟ್ಟೆ, ಸಿಸಿಲಿ.”

ಮರುದಿನದಿಂದ ಮಾವ್ಶಿ ತಾನು ಕೊಟ್ಟದ್ದನ್ನು ವಾಪಸು ಕೇಳಲು ಹೊರಟಳು. ಶಾಲೆಗೆ ರಜೆಯಿದ್ದ ದಿನಗಳಲ್ಲಿ ನನ್ನನ್ನೂ ಕರೆದುಕೊಂಡು ಹೋದಳು. ಬೆಳ್ಮಣ್, ಕಾರ್ಕಳ, ಹೆಜಮಾಡಿ, ಬಸ್ಸು ಇಳಿದು ಗದ್ದೆಯ ಅಂಚಿನಲ್ಲಿ ನಡೆದು ಹೋಗಬೇಕಾದ ಮನೆಗಳು. “ಆ ಹಾಳೆಯಲ್ಲಿ ಒಂದು ತಪ್ಪು ಉಂಟು, ಬೇರೆ ಬರೆದು ಕೊಡುತ್ತೇನೆ,” ಎಂದು ಸುಳ್ಳು ಹೇಳುತ್ತಿದ್ದಳು. ಹೆಚ್ಚಿನವರು ಹುಡುಕಿ ಕೊಟ್ಟರು. ಕಾಪುವಿನ ಕಡಲ ಬದಿಯಲ್ಲಿ ಕಮಲಕ್ಕ ಎಂಬ ಮೀನುಗಾರರ ಮನೆಯ ಹೆಂಗಸಿಗೆ ಮಾತ್ರ ಮಾವ್ಶಿಯಿಂದ ಸುಳ್ಳು ಹೇಳಲಾಗಲಿಲ್ಲ, ನಡೆದದ್ದನ್ನೇ ಹೇಳಿದಳು. ಕಮಲಕ್ಕ ಕೇಳುತ್ತ ಕೇಳುತ್ತ ತನ್ನ ಮಗುವನ್ನು ಎದೆಗೆ ಒತ್ತಿ ಹಿಡಿದುಕೊಂಡಳು. ಮಗುವಿನ ತಲೆಯಲ್ಲಿ ಆ ಟೊಪ್ಪಿಯೇ ಇತ್ತು. “ನನ್ನ ಮೊದಲಿನ ಎರಡೂ ಉಳಿಯಲಿಲ್ಲ ಬಾಯಮ್ಮ,” ಎಂದಳು. “ಇದು ಮಾತ್ರ ಈ ಮಳೆಗಾಲ ದಾಟಿತು. ಕಾಗದ ಬೇಕಾದರೆ ತೆಗೆದುಕೊಂಡು ಹೋಗಿ. ಟೊಪ್ಪಿ ಕೇಳಬೇಡಿ.” ಮಾವ್ಶಿ ಕೇಳಲಿಲ್ಲ. ಬರುವಾಗ ಬಸ್ಸಿನಲ್ಲಿ ಅವಳ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಖಾಲಿ ಕೈಯಲ್ಲಿ ಕೂತ ಅವಳನ್ನು ನಾನು ನೋಡಿದ್ದು ಅದೇ ಮೊದಲು.

ಕಾಗದ ಹಿಂದೆ ಬಂದರೂ ಬೆರಳುಗಳು ಕಲಿತದ್ದು ಹಿಂದೆ ಬರುವುದಿಲ್ಲ ಎಂದು ಅವಳಿಗೆ ತಿಳಿಯಿತು. ಆಗ ಅವಳು ಇನ್ನೊಂದು ಬಗೆಯ ಟೊಪ್ಪಿಯನ್ನು ಹೆಣೆದಳು. ಹಳೆಯದಕ್ಕಿಂತ ಸುಲಭ, ಎರಡು ದಿನದಲ್ಲಿ ಮುಗಿಯುವಂಥದ್ದು, ಮೇಲೆ ನೆರಿಗೆ ಹಿಡಿದು ಒಂದು ಗೊಂಡೆ, ಕಿವಿಗೆ ಎರಡು ಎಲೆ, ನೋಡಿದವರು ಬೇಕು ಎನ್ನುವಂಥದ್ದು. ಮಗುವಿಗೆಂದು ಹೆಣೆದದ್ದಲ್ಲ ಅದು. ಒಂದು ನೆನಪನ್ನು ಊರಿನಿಂದ ಓಡಿಸಲು ಹೆಣೆದದ್ದು. ಅದರ ಹಾಳೆಯನ್ನು ಯಾರೂ ಕೇಳದಿದ್ದರೂ ಹಂಚಿದಳು. ಹಳೆಯ ಹಾಳೆಗಳನ್ನೆಲ್ಲ, ತನ್ನ ನೋಟ್ ಪುಸ್ತಕದ ಪುಟವನ್ನೂ ಹರಿದು, ಬಚ್ಚಲಿನ ಒಲೆಗೆ ಹಾಕಿದಳು. ನನ್ನ ದುಂಡಕ್ಷರಗಳು ಸುರುಟಿಕೊಂಡು ಕಪ್ಪಾಗುವುದನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ. ಎರಡು ಮೂರು ಮಳೆಗಾಲಗಳಲ್ಲಿ ಊರಿನ ಕೂಸುಗಳ ತಲೆಯ ಮೇಲೆಲ್ಲ ಗೊಂಡೆಗಳು ಕುಣಿಯತೊಡಗಿದವು. ಅಮ್ಮ ಮತ್ತೆ ಅಂಗಳಕ್ಕೆ ಇಳಿದಳು, ಇಗರ್ಜಿಗೆ ಹೋದಳು, ಬಸ್ಸು ಹತ್ತಿದಳು. ತಂಗಿಯೊಡನೆ ಮಾತು ಮಾತ್ರ ಬೇಕಾದಷ್ಟೇ ಉಳಿಯಿತು. ಮಣಿಪಾಲದ ಬೋಳುಗುಡ್ಡದಲ್ಲಿ ಆಗ ಹೊಸ ಕಟ್ಟಡಗಳು ಏಳುತ್ತಿದ್ದವು. ಅಲ್ಲಿನ ಒಂದು ಹಾಸ್ಟೆಲಿನಲ್ಲಿ ಹೊಲಿಗೆಯ ಕೆಲಸ ಹಿಡಿದು ಮಾವ್ಶಿ ಮನೆ ಬಿಟ್ಟಳು. ಮಧ್ಯಾಹ್ನಗಳಲ್ಲಿ ಸೂಜಿಗಳ ಟಿಕ್ ಟಿಕ್ ಇಲ್ಲದೆ ಮನೆ ದೊಡ್ಡದಾಯಿತು. ಇರುವ ಸದ್ದಿಗಿಂತ ಇಲ್ಲದ ಸದ್ದು ಜೋರಾಗಿ ಕೇಳುತ್ತದೆ ಎಂದು ನಾನು ಕಲಿತದ್ದು ಆಗ.

ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಅಮ್ಮನಲ್ಲಿ ಒಂದು ಬದಲಾವಣೆ ಕಂಡೆ. ಬಸ್ಸಿನಲ್ಲಿ, ಸಂತೆಯಲ್ಲಿ, ಎಲ್ಲಿ ಕೂಸು ಕಂಡರೂ ಅವಳು ಕಣ್ಣು ತಪ್ಪಿಸುವುದರ ಬದಲು ಹಿಂದಿನಿಂದ ಹೋಗಿ ತಲೆ ನೋಡುತ್ತಿದ್ದಳು. ಒಂದು ದಿನ ಮೊಗ್ಗು ಕಟ್ಟುತ್ತ ಕೂತಿದ್ದಾಗ ಕೇಳಿದಳು: “ಲಿಲ್ಲಿ, ಆ ಟೊಪ್ಪಿ ಈಗ ಯಾರೂ ಹಾಕುವುದಿಲ್ಲ, ಅಲ್ವಾ?” ಇಲ್ಲ ಎಂದೆ. ಅವಳು, “ನನಗೆ ಅವಳ ಮುಖ ಮರೆತುಹೋಗಿದೆ,” ಎಂದಳು. ನಾರು ಕೈಯಲ್ಲೇ ಇತ್ತು, ಗಂಟು ಬೀಳಲಿಲ್ಲ. “ಎಷ್ಟು ನೆನೆದರೂ ಬರುವುದಿಲ್ಲ. ತಲೆಯ ಸುಳಿ ಮಾತ್ರ ಒಂದಿಷ್ಟು ಉಂಟು. ಅದೂ ಹೋಗುತ್ತಾ ಉಂಟು. ಸಿಸಿಲಿಯನ್ನು ಬರಲಿಕ್ಕೆ ಹೇಳು.”

ಮಾವ್ಶಿ ಶನಿವಾರ ಬಂದಳು. ಕೂದಲು ಅಲ್ಲಲ್ಲಿ ನರೆತಿತ್ತು. ಆ ಟೊಪ್ಪಿಯನ್ನು ಇನ್ನೊಮ್ಮೆ ಹೆಣೆದು ಕೊಡು ಎಂದು ಅಮ್ಮ ಕೇಳಿದಾಗ ಅವಳು ಬಾಗಿಲ ಬಳಿಯೇ ಕೂತಳು. ಆಮೇಲೆ ಉಣ್ಣೆ ತೆಗೆದುಕೊಂಡು ಶುರು ಮಾಡಿದಳು. ಅಂಚು ಬಂತು, ಸುತ್ತು ಬಂತು. ನೆತ್ತಿಗೆ ಬಂದಾಗ ಸುಳಿ ನಡುವಿಗೆ ಹೋಗಿ ಕೂತಿತು. ಬಿಚ್ಚಿದಳು. ಎರಡನೆಯ ಸಲ ಸುಳಿ ಬಲಕ್ಕೆ ಸರಿಯಿತು, ಆದರೆ ತಿರುವು ಹರಕಾಯಿತು. ಅಮ್ಮನಿಗೆ ಹೆಣಿಗೆ ಬಾರದು. ಅವಳು ತಂಗಿಯ ಅಂಗೈಯನ್ನು ಹಿಡಿದು ಅದರ ಮೇಲೆ ಬೆರಳಿನಿಂದ ಸುಳಿ ಬರೆದು “ಹೀಗೆ, ಇಷ್ಟು ನಿಧಾನಕ್ಕೆ ತಿರುಗುತ್ತಿತ್ತು,” ಎಂದಳು. ಅಷ್ಟು ವರ್ಷಗಳಲ್ಲಿ ಅವರಿಬ್ಬರು ಒಬ್ಬರನ್ನೊಬ್ಬರು ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಮಾವ್ಶಿ ಕಣ್ಣು ಮುಚ್ಚಿ ಕೂತು ಆ ಬೆರಳು ಹೋದ ದಾರಿಯನ್ನು ಎಣಿಸಿದಳು. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾಗಿತ್ತು; ಹೋಗಲಿಲ್ಲ. ಆ ದಿನ ಮಧ್ಯಾಹ್ನದ ಹೊತ್ತಿಗೆ ಸೂಜಿಗಳನ್ನು ಕೆಳಗಿಟ್ಟು, “ನನ್ನಿಂದ ಆಗುವುದಿಲ್ಲ ಅಕ್ಕ. ನಾನು ಎಲ್ಲರಿಗೂ ಮರೆಸಲಿಕ್ಕೆ ಹೋಗಿ ನಾನೇ ಮರೆತೆ,” ಎಂದಳು.

“ಮರೆಸು ಎಂದವಳು ನಾನಲ್ವಾ,” ಎಂದಳು ಅಮ್ಮ.

ಮಾವ್ಶಿಯ ಮಡಿಲಲ್ಲಿ ಕೊನೆಯ ಟೊಪ್ಪಿ ಇತ್ತು. ಅಮ್ಮ ಅದನ್ನು ಎತ್ತಿ ಮುಷ್ಟಿಯ ಮೇಲೆ ತೊಡಿಸಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದಳು. ಸುಳಿ ಎಡಕ್ಕೆ ತಿರುಗಿತ್ತು, ಬಲಕ್ಕೆ ಸರಿದಿತ್ತು, ಆದರೂ ಐರಿನಳದಾಗಿರಲಿಲ್ಲ. ಅದು ನಮ್ಮ ಮೂವರಿಗೂ ಕಾಣುತ್ತಿತ್ತು. “ಇದನ್ನು ಬರೆ,” ಎಂದಳು ಅಮ್ಮ. “ಅಕ್ಕ, ಇದು ಸರಿಯಿಲ್ಲ.” “ಇರಲಿ. ಅರ್ಧವಾದರೂ ಅವಳುಂಟು. ಬರೆದು ಹಂಚು. ಎಲ್ಲ ಕಡೆಗೂ ಕಳಿಸು.” ಆಮೇಲೆ ನನ್ನ ಕಡೆ ತಿರುಗಿ, “ಮೇಲೆ ಅವಳ ಹೆಸರು ಬರೆ,” ಎಂದಳು. ಮಾವ್ಶಿಯ ಹಾಳೆಗಳಿಗೆ ಅದುವರೆಗೆ ಹೆಸರು ಇರುತ್ತಿರಲಿಲ್ಲ. ನಾನು ಪ್ರತಿ ಹಾಳೆಯ ನೆತ್ತಿಯಲ್ಲೂ ‘ಐರಿನ್’ ಎಂದು ಬರೆದೆ; ಮಾವ್ಶಿ ಕೆಳಗೆ ಸೀ, ಉ, ಜೋ ತುಂಬಿದಳು; ಅಮ್ಮ ಅವುಗಳನ್ನು ಮಡಚಿ ಮಲ್ಲಿಗೆಯ ಕಟ್ಟುಗಳ ಒಳಗೆ ಇಟ್ಟಳು.

ಅವರಿಬ್ಬರೂ ಈಗ ಒಂದೇ ಇಗರ್ಜಿಯ ಹಿತ್ತಿಲ ಮಣ್ಣಿನಲ್ಲಿದ್ದಾರೆ. ಆ ಟೊಪ್ಪಿ ಕೆಲವು ವರ್ಷ ಅಲ್ಲಲ್ಲಿ ಕಂಡಿತು, ಆಮೇಲೆ ಅಂಗಡಿಯ ಟೊಪ್ಪಿಗಳು ಬಂದವು. ಬಹಳ ಹಿಂದೆ, ನನ್ನ ಮದುವೆಯಾದ ಹೊಸತರಲ್ಲಿ, ಕಾರ್ಕಳದ ಒಂದು ಮನೆಯಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಅದನ್ನು ಹೆಣೆಯುತ್ತಿದ್ದಳು. ಯಾವ ಪ್ಯಾಟರ್ನ್ ಎಂದು ಕೇಳಿದೆ. “ಇದಾ? ಇದಕ್ಕೆ ಐರಿನ್ ಅಂತ ಹೇಳುತ್ತಾರೆ,” ಎಂದಳು, ತಲೆಯೆತ್ತದೆ, ಕುಣಿಕೆಗಳನ್ನು ಎಣಿಸುತ್ತ. ಚಂದ ಉಂಟು ಎಂದೆ.